ಕೋರ್ಟ್‌ಲೆಂಡ್‌ನಿಂದ ಲಾಸ್ ಏಂಜಲೀಸ್‌ವರೆಗೆ: ರಾನಿ ಜೇಮ್ಸ್ ಡಿಯೊ ತಂಡಗಳನ್ನು ಬಿಟ್ಟರೇ, ತಂಡಗಳೇ ಅವರನ್ನು ಬಿಟ್ಟವೇ?

ಮೇಲಿನ ಷಡ್ಜ

ಹೆವಿ ಮೆಟಲ್ ಗಾಯಕ ಡಿಯೊ ಅವರ ಮಾತು ಬಂದಾಗಲೆಲ್ಲ ಒಂದು ಪಟ್ಟಿ ಒಪ್ಪಿಸಿ ಮುಗಿಸುತ್ತೇವೆ: ಎಲ್ಫ್, ರೇನ್‌ಬೋ, ಬ್ಲ್ಯಾಕ್ ಸಬ್ಬಾತ್, ಸ್ವಂತ ತಂಡ, ಮತ್ತೆ ಸಬ್ಬಾತ್, ಮತ್ತೆ ಸ್ವಂತ ತಂಡ, ಕೊನೆಗೆ ಹೆವೆನ್ ಆ್ಯಂಡ್ ಹೆಲ್. ರೈಲು ನಿಲ್ದಾಣಗಳ ಹೆಸರು ಓದಿದ ಹಾಗೆ. ಯಾವ ನಿಲ್ದಾಣದಲ್ಲಿ ಅವರಾಗಿಯೇ ಇಳಿದರು, ಯಾವುದರಲ್ಲಿ ಇಳಿಸಲಾಯಿತು ಎಂದು ಕೇಳುವವರು ಕಡಿಮೆ.

ನನ್ನ ವಾದವನ್ನು ಮೊದಲೇ ಮುಂದಿಡುತ್ತೇನೆ, ಹರಿದು ಹಾಕುವವರು ಧಾರಾಳವಾಗಿ ಹಾಕಿ. ಅವರ ಪ್ರತಿ ನಿರ್ಗಮನಕ್ಕೂ ‘ಸಂಗೀತದ ಭಿನ್ನಾಭಿಪ್ರಾಯ’ ಎಂಬ ಹಣೆಪಟ್ಟಿ ಇದೆ. ಒಳಗೆ ಕೆದಕಿದರೆ ಸಿಗುವುದು ಒಡೆತನದ ಜಗಳ. ಬ್ಯಾಂಡ್ ಯಾರ ಹೆಸರಿನಲ್ಲಿದೆ, ಅಂತಿಮ ಮಾತು ಯಾರದು, ಹಣ ಯಾರ ಕೈಯಲ್ಲಿದೆ. ಇನ್ನೊಬ್ಬರ ಬ್ಯಾಂಡಿನಲ್ಲಿ ಹಾಡುವ ಗಾಯಕ ಎಷ್ಟೇ ದೊಡ್ಡವನಾದರೂ ಬಾಡಿಗೆದಾರ ಎಂಬುದನ್ನು ಡಿಯೊ ಎರಡು ಸಲ ಅನುಭವಿಸಿದರು. ಮೂರನೆಯ ಸಲ ತಾವೇ ಯಜಮಾನರಾದಾಗ ಏನು ಮಾಡಿದರು ಎಂಬಲ್ಲಿಗೆ ಚರ್ಚೆ ಬಂದೇ ಬರುತ್ತದೆ, ಆಗ ನೋಡೋಣ.

ಹಳೆಯ ಕ್ಯಾಸೆಟ್

ಪಟ್ಟಿ ಎಲ್ಫ್‌ನಿಂದ ಶುರುವಾಗುವುದೇ ಅನ್ಯಾಯ. ಎಲ್ಫ್‌ಗೆ ಮುಂಚಿನ ಕಾಲವನ್ನು ಬಿಟ್ಟರೆ ಆ ಮನುಷ್ಯ ಅರ್ಥವಾಗುವುದಿಲ್ಲ.

ರೊನಾಲ್ಡ್ ಜೇಮ್ಸ್ ಪಡವೋನಾ ಹುಟ್ಟಿದ್ದು 1942ರ ಜುಲೈ 10ರಂದು, ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕೋರ್ಟ್‌ಲೆಂಡ್ ಎಂಬ ಸಣ್ಣ ಊರಿನಲ್ಲಿ, ಇಟಲಿ ಮೂಲದ ಕುಟುಂಬದಲ್ಲಿ. ಎಳೆಯ ವಯಸ್ಸಿನಲ್ಲೇ ಟ್ರಂಪೆಟ್ ಹಿಡಿದರು, ನಂತರ ಫ್ರೆಂಚ್ ಹಾರ್ನ್. ಹಾಡುವುದನ್ನು ಯಾರ ಬಳಿಯೂ ಕಲಿಯಲಿಲ್ಲ. ಉಸಿರಿನ ಮೇಲಿನ ಹಿಡಿತ ಊದುವ ವಾದ್ಯದಿಂದ ಬಂದದ್ದೆಂದು ಅವರೇ ಹೇಳುತ್ತಿದ್ದರು. ದೀರ್ಘ ಸ್ವರವನ್ನು ಅವರು ಎಲ್ಲಿ ಹಿಡಿದು ಎಲ್ಲಿ ಬಿಡುತ್ತಾರೆಂದು ಗಮನಿಸಿ. ರಾಕ್ ಗಾಯಕರಲ್ಲಿ ಬಹಳ ಮಂದಿ ಸ್ವರದ ತುದಿಗೆ ಬರುವ ಹೊತ್ತಿಗೆ ಗಾಳಿ ಮುಗಿದು ಕಿರುಚುತ್ತಾರೆ. ಇವರ ಸ್ವರದ ಬಾಲ ತಲೆಯಷ್ಟೇ ದಪ್ಪವಾಗಿರುತ್ತದೆ.

1957ರಲ್ಲಿ, ಹದಿನೈದರ ಹರೆಯದಲ್ಲಿ, ಸಹಪಾಠಿಗಳೊಂದಿಗೆ ‘ವೇಗಸ್ ಕಿಂಗ್ಸ್’ ಕಟ್ಟಿದರು. ಆಗ ಅವರ ಕೈಯಲ್ಲಿದ್ದದ್ದು ಬೇಸ್ ಗಿಟಾರ್. ಅದೇ ತಂಡ ಹೆಸರು ಬದಲಿಸುತ್ತಾ ‘ರಂಬ್ಲರ್ಸ್’, ‘ರೆಡ್ ಕ್ಯಾಪ್ಸ್’ ಆಯಿತು. 1961ರಿಂದ 1967ರವರೆಗೆ ‘ರಾನಿ ಡಿಯೊ ಆ್ಯಂಡ್ ದ ಪ್ರಾಫೆಟ್ಸ್’. ಡಿಯೊ ಎಂಬ ಹೆಸರನ್ನು ಎತ್ತಿಕೊಂಡದ್ದು ಜಾನಿ ಡಿಯೊ ಎಂಬ ಭೂಗತ ದೊರೆಯಿಂದ. ನಡುವೆ ಬಫಲೋ ನಗರದ ವಿಶ್ವವಿದ್ಯಾಲಯದಲ್ಲಿ ಔಷಧ ವಿಜ್ಞಾನಕ್ಕೂ ಸೇರಿ, ಪದವಿ ಮುಗಿಸದೆ ಹೊರಬಂದರು. ಪ್ರಾಫೆಟ್ಸ್ ಕಾಲದ ಹಾಡುಗಳನ್ನು ಕೇಳಿ ನೋಡಿ: ಸೂಟು ಟೈ ಹಾಕಿಕೊಂಡು ಜನ ಜೋಡಿಯಾಗಿ ನರ್ತಿಸಲು ಹಾಡುವ ನಯವಾದ ಕಂಠ. ಮುಂದೆ ಅವರ ಹಾಡುಗಳಲ್ಲಿ ಬರುವ ಡ್ರ್ಯಾಗನ್‌ಗಳ ಸುಳಿವೇ ಇಲ್ಲ.

ದುರಂತ ಬಂದದ್ದು 1968ರಲ್ಲಿ. ತಂಡ ಆಗಷ್ಟೇ ‘ಎಲೆಕ್ಟ್ರಿಕ್ ಎಲ್ವ್ಸ್’ ಆಗಿತ್ತು. ಪ್ರಯಾಣದಲ್ಲಿ ಅವರ ವಾಹನ ಅಪಘಾತಕ್ಕೀಡಾಗಿ ಗಿಟಾರ್ ವಾದಕ ನಿಕ್ ಪಾಂಟಾಸ್ ತೀರಿಕೊಂಡರು, ಉಳಿದವರು ಆಸ್ಪತ್ರೆ ಸೇರಿದರು. ಅಲ್ಲಿಗೇ ನಿಂತುಹೋಗಬಹುದಿತ್ತು. ಡಿಯೊ ಅವರ ಸೋದರ ಸಂಬಂಧಿ ಡೇವಿಡ್ ಫೈನ್‌ಸ್ಟೈನ್ ಗಿಟಾರಿನಲ್ಲಿ ಮುಂದುವರಿದು, ಮಿಕ್ಕಿ ಲೀ ಸೋಲ್ ಕೀಬೋರ್ಡಿಗೆ ಬಂದು, ಹೆಸರು ಕಿರಿದಾಗುತ್ತಾ ಬರಿಯ ‘ಎಲ್ಫ್’ ಎಂದಾಯಿತು.

ಹೊಸ ಕಿವಿ

ನಾನು ಇವರನ್ನು ಕೇಳಲು ಶುರುಮಾಡಿದ್ದು ಈಚೆಗೆ, ಸಬ್ಬಾತ್ ಮೂಲಕ. ಹಾಗಾದರೆ ಹೆಸರು ಬರುವ ಹೊತ್ತಿಗೆ ಅವರಿಗೆ ವಯಸ್ಸೆಷ್ಟಾಗಿತ್ತು?

ಹಳೆಯ ಕ್ಯಾಸೆಟ್

ಎಲ್ಫ್‌ನ ಮೊದಲ ಆಲ್ಬಮ್ ಬಂದ 1972ರಲ್ಲಿ ಮೂವತ್ತು. ರೇನ್‌ಬೋ ಆಲ್ಬಮ್ ಹೊತ್ತಿಗೆ ಮೂವತ್ತಮೂರು. ಅವರ ಓರಗೆಯ ರಾಕ್ ತಾರೆಗಳು ಆ ವಯಸ್ಸಿಗೆ ಏರಿ ಇಳಿದೂ ಆಗಿತ್ತು. ಇನ್ನೊಂದು ವಿಷಯ: ಆ ಮೊದಲ ಆಲ್ಬಮ್ಮಿನಲ್ಲಿ ಅವರ ಹೆಸರು ರೊನಾಲ್ಡ್ ಪಡವೋನಾ ಎಂದೇ ಅಚ್ಚಾಗಿದೆ. ಮನೆತನದ ಹೆಸರು ಒಮ್ಮೆಯಾದರೂ ರಕ್ಷಾಪುಟದ ಮೇಲೆ ಬರಲೆಂಬುದು ತಂದೆತಾಯಿಯ ಆಸೆಯಾಗಿತ್ತು.

ನಾಲ್ಕನೇ ತಂತಿ

ರೇನ್‌ಬೋ ಭಾಗ ನನಗೆ ಬಿಡಿ.

ಎಲ್ಫ್ ತಂಡವನ್ನು ಕೇಳಿ ಮೆಚ್ಚಿ ಆಲ್ಬಮ್ ನಿರ್ಮಿಸಿದವರು ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ರೋಜರ್ ಗ್ಲೋವರ್ ಮತ್ತು ಇಯಾನ್ ಪೇಸ್. ಆ ನಂಟಿನಿಂದ ಎಲ್ಫ್‌ಗೆ ಪರ್ಪಲ್ ಪ್ರವಾಸಗಳಲ್ಲಿ ಮೊದಲು ನುಡಿಸುವ ಅವಕಾಶ ಸಿಕ್ಕಿತು. ಪ್ರತಿ ರಾತ್ರಿ ಪರದೆಯ ಪಕ್ಕದಿಂದ ಕೇಳಿಸಿಕೊಳ್ಳುತ್ತಿದ್ದವರು ಪರ್ಪಲ್‌ನ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್. ಪರ್ಪಲ್ ಬಗ್ಗೆ ಬೇಸರ ಹತ್ತಿದಾಗ ಅವರು ಮಾಡಿದ್ದೇನು? ಎಲ್ಫ್ ತಂಡವನ್ನು, ಅದರ ಗಿಟಾರ್ ವಾದಕನೊಬ್ಬನನ್ನು ಬಿಟ್ಟು, ಇಡಿಯಾಗಿ ಎತ್ತಿಕೊಂಡು ಮ್ಯೂನಿಕ್‌ಗೆ ಹೋದರು. ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ 1975ರ ಆರಂಭದಲ್ಲಿ ಧ್ವನಿಮುದ್ರಣವಾಯಿತು. ಆಲ್ಬಮ್ಮಿನ ಹೆಸರೇ ‘ರಿಚಿ ಬ್ಲ್ಯಾಕ್‌ಮೋರ್ಸ್ ರೇನ್‌ಬೋ’. ಒಡೆತನದ ಪ್ರಶ್ನೆ ಅಂದಿರಲ್ಲ ಷಡ್ಜದವರೇ, ಅಲ್ಲಿ ಪ್ರಶ್ನೆಯೇ ಇರಲಿಲ್ಲ, ಉತ್ತರ ಮುಖಪುಟದ ಮೇಲೇ ಇತ್ತು.

ಆಲ್ಬಮ್ ಮುಗಿದ ಕೂಡಲೇ ಡಿಯೊ ಒಬ್ಬರನ್ನು ಉಳಿಸಿಕೊಂಡು ಎಲ್ಫ್‌ನ ಉಳಿದವರೆಲ್ಲರ ಜಾಗಕ್ಕೂ ಹೊಸಬರನ್ನು ತರಲಾಯಿತು. ಕೋಜಿ ಪೊವೆಲ್ ಡ್ರಮ್ಸ್‌ಗೆ, ಜಿಮ್ಮಿ ಬೇನ್ ಬೇಸ್‌ಗೆ, ಟೋನಿ ಕ್ಯಾರಿ ಕೀಬೋರ್ಡಿಗೆ. ಮತ್ತೆ ಅದೇ ಮ್ಯೂನಿಕ್ ಸ್ಟುಡಿಯೋ, 1976ರಲ್ಲಿ ‘ರೈಸಿಂಗ್’. ಅದರ ಎರಡನೆಯ ಮಗ್ಗುಲಿನಲ್ಲಿರುವುದು ಎರಡೇ ಹಾಡು, ಎರಡೂ ಎಂಟು ನಿಮಿಷ ದಾಟಿದವು. ಡಿಯೊ ತಮ್ಮ ದಾರಿ ಕಂಡುಕೊಂಡದ್ದು ಅಲ್ಲಿ. ಎಲ್ಫ್‌ನಲ್ಲಿ ಅವರು ಬಾರಿನ ಪಿಯಾನೋ ಪಕ್ಕ ನಿಂತು ಹಾಡುವ ಗಾಯಕ. ಇಲ್ಲಿ ಮಾಂತ್ರಿಕನೊಬ್ಬನಿಗಾಗಿ ಗೋಪುರ ಕಟ್ಟುವ ಗುಲಾಮನ ಬಾಯಿಂದ ಕಥೆ ಹೇಳುತ್ತಾರೆ. ಬ್ಲ್ಯಾಕ್‌ಮೋರ್‌ಗಿದ್ದ ಮಧ್ಯಯುಗದ ಯುರೋಪಿನ ಹುಚ್ಚು ಇವರ ಸಾಹಿತ್ಯಕ್ಕೆ ಗೊಬ್ಬರವಾಯಿತು.

ಮೂರನೆಯ ಆಲ್ಬಮ್ ಫ್ರಾನ್ಸ್‌ನ ಎರೂವಿಲ್ ಕೋಟೆಮನೆಯಲ್ಲಿ ಧ್ವನಿಮುದ್ರಣವಾಗಿ 1978ರಲ್ಲಿ ಬಂತು. ಅಷ್ಟರಲ್ಲಿ ಬ್ಲ್ಯಾಕ್‌ಮೋರ್‌ಗೆ ರೇಡಿಯೋದಲ್ಲಿ ಓಡುವ ಹಾಡು ಬೇಕಾಗಿತ್ತು. ಪ್ರೇಮಗೀತೆ ಬರೆಯಿರಿ ಎಂದರೆ ಡಿಯೊ ಒಪ್ಪುವವರಲ್ಲ. 1979ರ ಆರಂಭಕ್ಕೆ ಸಂಬಂಧ ಮುಗಿಯಿತು. ಅದೇ ವರ್ಷ ಡಿಯೊ ಜಾಗಕ್ಕೆ ಬಂದ ಗ್ರಹಾಮ್ ಬಾನೆಟ್ ಹಾಡಿದ ಪ್ರೇಮಗೀತೆಯೊಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಏರಿತು. ಬ್ಲ್ಯಾಕ್‌ಮೋರ್ ಲೆಕ್ಕ ಸುಳ್ಳಾಗಲಿಲ್ಲ, ಇದನ್ನೂ ಹೇಳಬೇಕು.

ಮೇಲಿನ ಷಡ್ಜ

ಎಲ್ಫ್ ಸಂಗಡಿಗರ ವಿಷಯ ಬಂದದ್ದು ಒಳ್ಳೆಯದಾಯಿತು. ಡ್ರಮ್ಮರ್ ಗ್ಯಾರಿ ಡ್ರಿಸ್ಕಾಲ್ ವರ್ಷಗಟ್ಟಲೆ ಜತೆಗಿದ್ದವರು. ಅವರನ್ನು ಕಳಿಸಿದಾಗ ಡಿಯೊ ಉಳಿದುಕೊಂಡರು. ಉಳಿಯಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಮೂವತ್ತು ದಾಟಿದ ಗಾಯಕನಿಗೆ ಸಿಕ್ಕ ಮೊದಲ ದೊಡ್ಡ ಅವಕಾಶ ಅದು. ಆದರೆ ಯಜಮಾನ ಆಳುಗಳನ್ನು ಹೇಗೆ ಬದಲಾಯಿಸುತ್ತಾನೆಂಬುದನ್ನು ಅವರು ತೀರಾ ಹತ್ತಿರದಿಂದ ನೋಡಿದರು. ಇದನ್ನು ನೆನಪಿನಲ್ಲಿಡಿ.

ಕಪ್ಪು ರವಿವಾರ

ಈಗ ಸಬ್ಬಾತ್. ಇಲ್ಲೊಂದು ಕಾಕತಾಳೀಯ ನನಗೆ ತುಂಬಾ ಇಷ್ಟ. ರೇನ್‌ಬೋ ಬ್ಯಾಂಡಿಗೆ ಆ ಹೆಸರು ಬಂದದ್ದು ಲಾಸ್ ಏಂಜಲೀಸ್‌ನ ಸನ್‌ಸೆಟ್ ರಸ್ತೆಯ ‘ರೇನ್‌ಬೋ’ ಎಂಬ ಬಾರಿನಿಂದ. ರೇನ್‌ಬೋ ಬಿಟ್ಟ ಡಿಯೊ 1979ರಲ್ಲಿ ಸಬ್ಬಾತ್‌ನ ಗಿಟಾರ್ ವಾದಕ ಟೋನಿ ಐಯೋಮಿ ಅವರ ಕಣ್ಣಿಗೆ ಬಿದ್ದದ್ದೂ ಅದೇ ಬಾರಿನಲ್ಲಿ. ಸಬ್ಬಾತ್‌ನ ಮೊದಲ ಗಾಯಕ ಓಜಿ ಆಸ್ಬೋರ್ನ್ ಅವರನ್ನು ಆಗ ತಾನೇ ಹೊರಹಾಕಲಾಗಿತ್ತು, ಸಬ್ಬಾತ್ ಮುಗಿಯಿತೆಂದೇ ಜನ ಮಾತನಾಡುತ್ತಿದ್ದರು.

ಮಯಾಮಿ ಮತ್ತು ಪ್ಯಾರಿಸ್‌ನಲ್ಲಿ ಧ್ವನಿಮುದ್ರಣವಾದ ‘ಹೆವೆನ್ ಆ್ಯಂಡ್ ಹೆಲ್’ 1980ರ ಏಪ್ರಿಲ್‌ನಲ್ಲಿ ಬಂದು ಬ್ರಿಟನ್ನಿನಲ್ಲಿ ಒಂಬತ್ತನೆಯ ಸ್ಥಾನ ಮುಟ್ಟಿತು. ಅದಕ್ಕಿಂತ ಮುಖ್ಯವಾದದ್ದು ಹಾಡು ಕಟ್ಟುವ ರೀತಿಯೇ ಬದಲಾದದ್ದು. ಓಜಿ ಬಹುಪಾಲು ರಿಫ್ (ಗಿಟಾರಿನಲ್ಲಿ ಮರಳಿ ಮರಳಿ ಬರುವ ಸ್ವರಗುಚ್ಛ) ಹೋದ ದಾರಿಯಲ್ಲೇ ಹಾಡುತ್ತಿದ್ದರು, ಸಾಹಿತ್ಯವನ್ನು ಹೆಚ್ಚಾಗಿ ಬೇಸ್ ವಾದಕ ಗೀಜರ್ ಬಟ್ಲರ್ ಬರೆಯುತ್ತಿದ್ದರು. ಡಿಯೊ ತಮ್ಮ ಸಾಹಿತ್ಯ ತಾವೇ ಬರೆದು, ರಿಫ್ ಕೆಳಗೆ ಓಡುತ್ತಿರುವಾಗ ಮೇಲೆ ಬೇರೆಯದೇ ಸ್ವರಪ್ರಸ್ತಾರ ಹೂಡಿದರು. ಐಯೋಮಿ ರಿಫ್‌ಗಳಿಗೆ ಉಸಿರಾಡಲು ಜಾಗ ಸಿಕ್ಕಿತು.

ತೋರುಬೆರಳು, ಕಿರುಬೆರಳು ಎತ್ತುವ ಕೊಂಬಿನ ಸನ್ನೆಯೂ ಈ ಕಾಲದ್ದೇ. ಓಜಿ ಎರಡು ಬೆರಳೆತ್ತಿ ಶಾಂತಿ ಸಂಕೇತ ತೋರುತ್ತಿದ್ದರು. ಅದನ್ನೇ ನಕಲು ಮಾಡುವುದು ಬೇಡವೆಂದು ಡಿಯೊ ತಮ್ಮ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲೆಂದು ಮಾಡುತ್ತಿದ್ದ ಸನ್ನೆಯನ್ನು ವೇದಿಕೆಗೆ ತಂದರು. ಈಗ ಅದರ ಹಿನ್ನೆಲೆ ತಿಳಿಯದವರೂ ಜಾತ್ರೆಯಲ್ಲಿ ಫೋಟೋಗೆ ನಿಂತಂತೆ ಬೆರಳು ಎತ್ತುತ್ತಾರೆ.

ನಾಲ್ಕನೇ ತಂತಿ

ಸನ್ನೆಯನ್ನು ಅವರೇ ಹುಟ್ಟುಹಾಕಿದರೆನ್ನಬೇಡಿ. ‘ಕವನ್’ ಎಂಬ ಅಮೆರಿಕದ ತಂಡದವರು 1969ರಲ್ಲೇ ಅದನ್ನು ತೋರಿಸಿದ್ದರು. ಜನಪ್ರಿಯಗೊಳಿಸಿದವರು ಡಿಯೊ, ಅಷ್ಟು ಸಾಕು. ಅವರೂ ಹೆಚ್ಚಿನದನ್ನು ಕೇಳಿದವರಲ್ಲ.

ಬರ್ಮಿಂಗ್‌ಹ್ಯಾಮ್ ಮಾತ್ರ

ಎಲ್ಲ ಸರಿ. ಆದರೆ ಓಜಿ ಇಲ್ಲದ್ದು ಸಬ್ಬಾತ್ ಅಲ್ಲವೇ ಅಲ್ಲ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಗಳ ಮಧ್ಯೆ ಹುಟ್ಟಿದ ನಾಲ್ವರ ಸಂಗೀತ ಅದು. ಐಯೋಮಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡವರು. ಆ ಕತ್ತಲೆ, ಆ ಮಸಿ ಓಜಿಯ ಒರಟು ಗಂಟಲಿಗೆ ಹೊಂದುತ್ತಿತ್ತು. ಅಮೆರಿಕದಿಂದ ಬಂದ ಪಳಗಿದ ಗಾಯಕ ಕಾಮನಬಿಲ್ಲು, ರಾಕ್ಷಸ, ರಾಜರ ಕಥೆ ಹೇಳಿದರೆ ಅದು ಒಳ್ಳೆಯ ಸಂಗೀತ ಇರಬಹುದು, ಸಬ್ಬಾತ್ ಆಗುವುದಿಲ್ಲ. ಡ್ರಮ್ಮರ್ ಬಿಲ್ ವಾರ್ಡ್ 1980ರಲ್ಲಿ ಪ್ರವಾಸದ ನಡುವೆಯೇ ಎದ್ದು ಹೋದದ್ದು ಸುಮ್ಮನೆಯೇ?

ಕಪ್ಪು ರವಿವಾರ

ವಾರ್ಡ್ ಹೋದದ್ದಕ್ಕೆ ಕುಡಿತ, ಮನೆಯ ದುಃಖ ಎಲ್ಲವೂ ಸೇರಿತ್ತು. ಆ ಹೊರೆಯನ್ನು ಡಿಯೊ ತಲೆಗೆ ಕಟ್ಟಬೇಡಿ. ಉಳಿದ ನಿಮ್ಮ ಮಾತು ಅರ್ಧ ಸರಿ. ಸಬ್ಬಾತ್‌ನೊಳಗೆ ಎರಡು ಬ್ಯಾಂಡ್‌ಗಳಿವೆ, ನನಗೆ ಎರಡೂ ಬೇಕು. 2006ರ ನಂತರ ಡಿಯೊ ಜತೆಗಿನ ಸಬ್ಬಾತ್‌ನವರು ಒಟ್ಟಾದಾಗ ತಾವಾಗಿಯೇ ಬೇರೆ ಹೆಸರಿಟ್ಟುಕೊಂಡರಲ್ಲ.

ಹಳೆಯ ಕ್ಯಾಸೆಟ್

1982ರ ಜಗಳಕ್ಕೆ ಬನ್ನಿ, ಷಡ್ಜದವರ ವಾದಕ್ಕೆ ಅದೇ ಮುಖ್ಯ ಸಾಕ್ಷಿ. ‘ಲೈವ್ ಇವಿಲ್’ ನೇರ ಕಾರ್ಯಕ್ರಮದ ಆಲ್ಬಮ್ಮಿನ ಮಿಕ್ಸಿಂಗ್ (ಹಾಡು, ವಾದ್ಯಗಳ ಶಬ್ದ ಹೊಂದಿಸುವ ಕೆಲಸ) ನಡೆಯುತ್ತಿತ್ತು. ಡಿಯೊ ಮತ್ತು ಡ್ರಮ್ಮರ್ ವಿನ್ನಿ ಅಪೀಸ್ ಗುಟ್ಟಾಗಿ ಸ್ಟುಡಿಯೋಗೆ ಬಂದು ಹಾಡು ಮತ್ತು ಡ್ರಮ್ಸ್ ಶಬ್ದ ಏರಿಸುತ್ತಿದ್ದಾರೆಂದು ಐಯೋಮಿ, ಬಟ್ಲರ್ ಕಿವಿಗೆ ಮಾತು ಬಿತ್ತು. ಡಿಯೊ ಅದನ್ನು ಕೊನೆಯವರೆಗೂ ಅಲ್ಲಗಳೆದರು. ಡಿಯೊ, ಅಪೀಸ್ ಇಬ್ಬರೂ ಬ್ಯಾಂಡ್ ಬಿಟ್ಟರು. ಆಲ್ಬಮ್ ಹೊರಬಂದಾಗ ನೋಡಿದರೆ ಹೆಸರು ‘ರಾನಿ ಡಿಯೊ’ ಎಂದಷ್ಟೇ ಇದೆ, ನಡುವಿನ ‘ಜೇಮ್ಸ್’ ಮಾಯ. ಸಣ್ಣತನಕ್ಕೂ ಒಂದು ಮಿತಿ ಬೇಕು.

ಮೇಲಿನ ಷಡ್ಜ

ಅದೇ. ಬ್ಲ್ಯಾಕ್‌ಮೋರ್ ಬಳಿ ಯಾವ ಹಾಡು ಬರೆಯಬೇಕೆಂಬ ಜಗಳ. ಐಯೋಮಿ ಬಳಿ ತನ್ನ ಧ್ವನಿ ಎಷ್ಟು ಜೋರಾಗಿ ಕೇಳಬೇಕೆಂಬ ಜಗಳ. ಎರಡರಲ್ಲೂ ತೀರ್ಪು ಕೊಡುವ ಕುರ್ಚಿ ಗಿಟಾರ್ ವಾದಕನದು. ಹಾಗಾಗಿ ನಲವತ್ತರ ಹೊಸ್ತಿಲಲ್ಲಿ ಡಿಯೊ ತಮ್ಮ ಹೆಸರಿನದೇ ತಂಡ ಕಟ್ಟಿದರು. ಅಪೀಸ್ ಜತೆಗೆ ಬಂದರು, ರೇನ್‌ಬೋ ಕಾಲದ ಜಿಮ್ಮಿ ಬೇನ್ ಸೇರಿದರು, ಬೆಲ್‌ಫಾಸ್ಟ್‌ನಿಂದ ವಿವಿಯನ್ ಕ್ಯಾಂಪ್‌ಬೆಲ್ ಎಂಬ ಇಪ್ಪತ್ತರ ಹುಡುಗ ಗಿಟಾರಿಗೆ ಬಂದ. ಲಾಸ್ ಏಂಜಲೀಸ್‌ನ ಸೌಂಡ್ ಸಿಟಿಯಲ್ಲಿ ಧ್ವನಿಮುದ್ರಣವಾದ ‘ಹೋಲಿ ಡೈವರ್’ 1983ರ ಮೇ ತಿಂಗಳಲ್ಲಿ ಬಂತು. ಅದನ್ನು ನಾನು ಹೊಗಳುವ ಅಗತ್ಯವಿಲ್ಲ.

ಆಮೇಲೆ ನಡೆದದ್ದು ಹೇಳುವವರು ಹೇಳಲಿ.

ಪಾಲು ಕೇಳಿದವನು

ನಾನು ಹೇಳುತ್ತೇನೆ. ಮೂರು ಆಲ್ಬಮ್ ಆದ ಮೇಲೆ, 1986ರಲ್ಲಿ, ಕ್ಯಾಂಪ್‌ಬೆಲ್ ಹೊರಬಿದ್ದರು. ಮೂರನೆಯ ಆಲ್ಬಮ್ ಹೊತ್ತಿಗೆ ಎಲ್ಲರಿಗೂ ನ್ಯಾಯವಾದ ಪಾಲು ಸಿಗುತ್ತದೆಂಬ ಮಾತು ಕೊಡಲಾಗಿತ್ತು, ಅದನ್ನು ನೆನಪಿಸಿದ್ದಕ್ಕೆ ತೆಗೆದುಹಾಕಿದರು ಎಂದು ಅವರು ಸಂದರ್ಶನಗಳಲ್ಲಿ ಹೇಳುತ್ತಲೇ ಬಂದಿದ್ದಾರೆ. ಆಗ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಡಿಯೊ ಅವರ ಪತ್ನಿ ವೆಂಡಿ ಡಿಯೊ. ಎಂಬತ್ತರ ದಶಕದ ನಡುವಿನಲ್ಲಿ ದೊಡ್ಡ ಕ್ರೀಡಾಂಗಣ ತುಂಬಿಸುತ್ತಿದ್ದ ತಂಡ ಅದು. ರಿಫ್ ಕಟ್ಟಿದ ಹುಡುಗನಿಗೆ ವಾರದ ಸಂಬಳ. ಇಥಿಯೋಪಿಯಾ ಬರಗಾಲಕ್ಕೆ ನೆರವಾಗಲು 1985ರಲ್ಲಿ ಮೆಟಲ್ ಕಲಾವಿದರು ಕೂಡಿ ಹಾಡಿದ ‘ಹಿಯರ್ ಎನ್ ಏಯ್ಡ್’ ಯೋಜನೆ ಕೂಡ ಮೊದಲು ಹೊಳೆದದ್ದು ಬೇನ್ ಮತ್ತು ಕ್ಯಾಂಪ್‌ಬೆಲ್ ತಲೆಗೆ. ಜನರ ನೆನಪಿನಲ್ಲಿ ಉಳಿದದ್ದು ಯಾರ ಹೆಸರು?

ರೇನ್‌ಬೋದಲ್ಲಿ ಬಾಡಿಗೆದಾರನ ನೋವು ಉಂಡವರು ಸ್ವಂತ ಮನೆ ಕಟ್ಟಿದ ಮೇಲೆ ಬಾಡಿಗೆ ಕರಾರನ್ನು ಬದಲಿಸಲಿಲ್ಲ.

ಕಪ್ಪು ರವಿವಾರ

ಒಂದೇ ಕಡೆಯ ಮಾತು ಕೇಳಿ ತೀರ್ಪು ಬರೆಯುತ್ತಿದ್ದೀರಿ. ಕ್ಯಾಂಪ್‌ಬೆಲ್ ಎಷ್ಟೋ ವರ್ಷ ಆ ಸಂಗೀತದ ಬಗ್ಗೆಯೇ ಹಗುರವಾಗಿ ಮಾತನಾಡಿದ್ದರು, ಅದಕ್ಕೇಕೆ ಮೌನ? ಹದಿಹರೆಯದಿಂದ ವ್ಯಾನಿನಲ್ಲಿ ಮಲಗಿ, ಗೆಳೆಯನ ಸಾವು ನೋಡಿ, ಎರಡು ಬಾರಿ ಕಟ್ಟಿದ್ದನ್ನು ಬಿಟ್ಟು ಬಂದವರು ತಮ್ಮ ಹೆಸರಿನ ಮೇಲೆ ಹಿಡಿತ ಬಿಡದಿದ್ದರೆ ಅದು ಲೋಭವೇ? ತಂಡದ ಹೆಸರೇ ಡಿಯೊ. ಸೇರುವಾಗ ಅದು ಗೊತ್ತಿರಲಿಲ್ಲವೇ?

ಪಾಲು ಕೇಳಿದವನು

ಹೆಸರು ಗೊತ್ತಿತ್ತು, ಮಾತೂ ಕೊಡಲಾಗಿತ್ತಂತೆ. ನಿಮ್ಮ ಆದರ್ಶ ಪುರುಷರನ್ನು ಮುಟ್ಟಿದರೆ ನಿಮಗೆ ಬೇಗ ಉರಿಯುತ್ತದೆ.

ನಿರ್ವಾಹಕ

ಇಬ್ಬರೂ ವ್ಯಕ್ತಿಗತ ಮಾತು ನಿಲ್ಲಿಸಿ. ಡಿಯೊ, ಕ್ಯಾಂಪ್‌ಬೆಲ್ ಇಬ್ಬರೂ ಒಬ್ಬರ ಮೇಲೊಬ್ಬರು ಸಾಕಷ್ಟು ಕಟುವಾಗಿ ಮಾತನಾಡಿ ಮುಗಿಸಿದ್ದಾರೆ, ಅವರ ಪರವಾಗಿ ಇಲ್ಲಿ ಮುಂದುವರಿಸುವುದು ಬೇಡ.

ನಾಲ್ಕನೇ ತಂತಿ

ತಣ್ಣೀರು ಕುಡಿದು 1992ಕ್ಕೆ ಬನ್ನಿ. 1990ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಡಿಯೊ ಕಾರ್ಯಕ್ರಮ ನಡೆಯುವಾಗ ಗೀಜರ್ ಬಟ್ಲರ್ ವೇದಿಕೆ ಏರಿ ಒಂದು ಹಾಡು ನುಡಿಸಿದರು. ಅಲ್ಲಿಂದ ಸಬ್ಬಾತ್ ಪುನರ್ಮಿಲನಕ್ಕೆ ದಾರಿಯಾಯಿತು. ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ‘ಡಿಹ್ಯೂಮನೈಜರ್’ ಸಿದ್ಧವಾಗಿ 1992ರ ಜೂನ್‌ನಲ್ಲಿ ಬಂತು. ಕೋಟೆ, ಮಾಂತ್ರಿಕರೆಲ್ಲ ಹೋಗಿ ಕಂಪ್ಯೂಟರು, ಟಿವಿ ಧರ್ಮಬೋಧಕರು ಸಾಹಿತ್ಯಕ್ಕೆ ಬಂದರು. ಡಿಯೊ ಒಂದೇ ರಾಗ ಎಳೆಯುತ್ತಾರೆ ಎನ್ನುವವರು ಅದನ್ನು ಕೇಳಿರುವುದಿಲ್ಲ.

ಪ್ರವಾಸದ ಕೊನೆಗೆ, ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿ ಓಜಿಯ ಎರಡು ರಾತ್ರಿಯ ‘ವಿದಾಯ’ ಕಾರ್ಯಕ್ರಮಕ್ಕೆ ಸಬ್ಬಾತ್ ಮೊದಲು ನುಡಿಸಬೇಕೆಂದು ಒಪ್ಪಂದವಾಯಿತು. ಡಿಯೊ ಒಲ್ಲೆ ಎಂದರು. ಹಿಂದಿನ ರಾತ್ರಿ ಓಕ್ಲೆಂಡ್‌ನಲ್ಲಿ ಹಾಡಿ ಮುಗಿಸಿ ಹೊರಟೇಬಿಟ್ಟರು. ಆ ಎರಡು ರಾತ್ರಿ ಹಾಡಿದವರು ಜೂಡಸ್ ಪ್ರೀಸ್ಟ್‌ನ ರಾಬ್ ಹ್ಯಾಲ್‌ಫೋರ್ಡ್. ಓಜಿಯ ವಿದಾಯ ಎಷ್ಟು ನಿಜವಾಗಿತ್ತು ಎಂಬುದು ಎಲ್ಲರಿಗೂ ಗೊತ್ತು.

ಬರ್ಮಿಂಗ್‌ಹ್ಯಾಮ್ ಮಾತ್ರ

ಅದರಲ್ಲಿ ನಾನು ಡಿಯೊ ಪರ. ತಾನು ಮುಖ್ಯ ಗಾಯಕನಾಗಿರುವ ಬ್ಯಾಂಡನ್ನು ಹಳೆಯ ಗಾಯಕನಿಗೆ ಮುಂಚೆ ಸಭಿಕರನ್ನು ಬೆಚ್ಚಗಾಗಿಸುವ ತಂಡವಾಗಿ ನಿಲ್ಲಿಸುವುದಕ್ಕೆ ಸ್ವಾಭಿಮಾನಿ ಯಾರೂ ಒಪ್ಪುವುದಿಲ್ಲ. ಆದರೆ ಷಡ್ಜದವರೇ, ಇಲ್ಲಿ ಹಣ ಎಲ್ಲಿದೆ, ಒಡೆತನ ಎಲ್ಲಿದೆ? ಉಳಿದಿದ್ದರೇ ಹಣ ಬರುತ್ತಿತ್ತು. ನಿಮ್ಮ ಸಿದ್ಧಾಂತ ಕೋಸ್ಟಾ ಮೇಸಾದಲ್ಲಿ ಮುಗ್ಗರಿಸುತ್ತದೆ.

ಮೇಲಿನ ಷಡ್ಜ

ಒಪ್ಪುವುದಿಲ್ಲ. ಸಬ್ಬಾತ್ ಎಂಬ ಹೆಸರು ಡಿಯೊ ಅವರದಾಗಿದ್ದರೆ ಆ ಒಪ್ಪಂದವೇ ಆಗುತ್ತಿರಲಿಲ್ಲ. ಬೇಡ ಎನ್ನುವ ಹಕ್ಕಿಲ್ಲದವನಿಗೆ ಹೊರಟುಹೋಗುವ ಹಕ್ಕೊಂದೇ ಉಳಿದಿರುತ್ತದೆ, ಅದನ್ನೇ ಬಳಸಿದರು. ಅದಕ್ಕೆ ತೆತ್ತ ಬೆಲೆಯನ್ನೂ ನೋಡಿ. ತೊಂಬತ್ತರ ದಶಕ ಇಂಥ ಗಾಯಕರನ್ನು ಸಣ್ಣ ಕ್ಲಬ್‌ಗಳಿಗೆ ತಳ್ಳಿತು. 1993ರ ‘ಸ್ಟ್ರೇಂಜ್ ಹೈವೇಸ್’, 1996ರ ‘ಆ್ಯಂಗ್ರಿ ಮಷೀನ್ಸ್’ ಕೇಳಿದವರೇ ಕಡಿಮೆ. ಅಷ್ಟಾದರೂ ಹಾಡುವುದು ನಿಲ್ಲಲಿಲ್ಲ.

ಹಳೆಯ ಕ್ಯಾಸೆಟ್

ಆ ಕ್ಲಬ್ ವರ್ಷಗಳ ಬಗ್ಗೆ ಅಯ್ಯೋ ಪಾಪ ಎನ್ನುವ ಅಗತ್ಯವಿಲ್ಲ. ಕೋರ್ಟ್‌ಲೆಂಡ್‌ನ ಹುಡುಗ ಬೆಳೆದದ್ದೇ ಅಂಥ ಜಾಗಗಳಲ್ಲಿ. ಕಾರ್ಯಕ್ರಮ ಮುಗಿದ ಮೇಲೆ ಕೊನೆಯ ಅಭಿಮಾನಿಗೂ ಹಸ್ತಾಕ್ಷರ ಹಾಕಿಕೊಟ್ಟೇ ಹೋಗುತ್ತಿದ್ದರೆಂಬುದು ಅವರ ಬಗ್ಗೆ ಎಲ್ಲ ಕಡೆಯಿಂದಲೂ ಬರುವ ಮಾತು.

ಕಪ್ಪು ರವಿವಾರ

ಕೊನೆಯ ಭಾಗವನ್ನು ಪೂರ್ತಿ ಮಾಡುತ್ತೇನೆ. ಐಯೋಮಿ, ಬಟ್ಲರ್, ಅಪೀಸ್, ಡಿಯೊ ‘ಹೆವೆನ್ ಆ್ಯಂಡ್ ಹೆಲ್’ ಎಂಬ ಹೆಸರಿನಲ್ಲಿ ಹೊರಟು 2007ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ರೇಡಿಯೋ ಸಿಟಿ ಸಭಾಂಗಣದಲ್ಲಿ ಹಾಡಿದರು. ಅದರ ಧ್ವನಿಮುದ್ರಿಕೆ ಇದೆ. ಅರವತ್ತನಾಲ್ಕರ ವಯಸ್ಸಿನ ಶಾರೀರವೆಂದು ನಂಬುವುದು ಕಷ್ಟ. ಕೆಲವು ಹಾಡುಗಳ ವೇಗ ತಗ್ಗಿದೆ, ಅದರಿಂದ ತೂಕ ಹೆಚ್ಚಿದೆ. 2009ರ ಏಪ್ರಿಲ್‌ನಲ್ಲಿ ‘ದ ಡೆವಿಲ್ ಯು ನೋ’ ಬಂದು ಅಮೆರಿಕದ ಪಟ್ಟಿಯಲ್ಲಿ ಎಂಟನೆಯ ಸ್ಥಾನದಲ್ಲಿ ಕಾಲಿಟ್ಟಿತು. ಆ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಹಾಡಿದ್ದೇ ಕೊನೆಯದು. ನವೆಂಬರ್‌ನಲ್ಲಿ ಹೊಟ್ಟೆಯ ಕ್ಯಾನ್ಸರ್ ಸುದ್ದಿ ಬಂತು, 2010ರ ಮೇ 16ರಂದು ಹ್ಯೂಸ್ಟನ್‌ನಲ್ಲಿ ತೀರಿಕೊಂಡರು.

ಪಾಲು ಕೇಳಿದವನು

ಹೇಳಬೇಕಾದ ಒಂದು ಮಾತು ಉಳಿದಿದೆ, ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ಡಿಯೊ ತೀರಿದ ಎರಡು ವರ್ಷಕ್ಕೆ ಕ್ಯಾಂಪ್‌ಬೆಲ್, ಬೇನ್, ಅಪೀಸ್ ಮೂವರೂ ಸೇರಿ ಆ ಹಳೆಯ ಹಾಡುಗಳನ್ನು ನುಡಿಸಲು ತಂಡ ಕಟ್ಟಿದರು. ಹೆಸರು ‘ಲಾಸ್ಟ್ ಇನ್ ಲೈನ್’, ಡಿಯೊ ತಂಡದ ಎರಡನೆಯ ಆಲ್ಬಮ್ಮಿನದೇ. ಹಗುರವಾಗಿ ಮಾತನಾಡಿದ ಸಂಗೀತಕ್ಕೇ ಕ್ಯಾಂಪ್‌ಬೆಲ್ ಮರಳಿದರಲ್ಲ ಎಂದು ರವಿವಾರದವರು ಈಗ ಬರೆಯಬಹುದು. ಬರೆಯಲಿ. ಆ ರಿಫ್‌ಗಳು ತಮ್ಮವೂ ಹೌದು ಎಂದು ಹೇಳಿಕೊಳ್ಳಲು ಬೇರೆ ದಾರಿ ಅವರಿಗಿರಲಿಲ್ಲ ಎಂಬುದು ನನ್ನ ಓದು.

ಹೊಸ ಕಿವಿ

ನೀವೆಲ್ಲ ವಾದ ಮಾಡುವ ಹೊತ್ತಿಗೆ ನಾನು ‘ರೈಸಿಂಗ್’ ಕೇಳಿ ಮುಗಿಸಿದೆ. ಗೋಪುರದ ಹಾಡಿನಲ್ಲಿ ಹಿಂದೆ ಬರುವ ದೊಡ್ಡ ತಂತಿವಾದ್ಯ ಮೇಳ ಕೀಬೋರ್ಡಿನದೇ, ನಿಜವಾದ ವಾದ್ಯಗಳೇ?

ನಾಲ್ಕನೇ ತಂತಿ

ನಿಜವಾದವೇ, ಮ್ಯೂನಿಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ್ದು. ಕೀಬೋರ್ಡ್ ಮಾತ್ರ ಟೋನಿ ಕ್ಯಾರಿ ಅವರದು. ಮುಂದಿನದಾಗಿ 1980ರದ್ದನ್ನು ಕೇಳಿ, ನಡುವಿನದನ್ನು ಆಮೇಲೆ ನೋಡಿದರಾಯಿತು.

ಹಳೆಯ ಕ್ಯಾಸೆಟ್

ಅವರ ಮಾತು ಕೇಳಬೇಡಿ. ಎಲ್ಫ್‌ಗೆ ಹೋಗಿ.